ಮಸೆಯಬೇಕಿಲ್ಲದ ಕತ್ತಿ

ಮನೆಯಲ್ಲಿರುವ ವಸ್ತುಗಳ ಪೈಕಿ ಕ್ಷೌರದ ಹಳೆಯ ಬ್ಲೇಡಿನಷ್ಟು ಅನಾದರಕ್ಕೆ ಪಾತ್ರವಾದುದು ಇನ್ನೊಂದಿರಲಾರದು. ಕನ್ನಡಿಯ ಹಿಂದೆಯೋ, ಗೋಡೆಯ ಗೂಡಿನಲ್ಲಿಯೋ, ಬಚ್ಚಲ ಕಿಟಕಿಯ ಸಂದಿನಲ್ಲಿಯೋ ಅದನ್ನು ಸಿಕ್ಕಿಸಿ ಮರೆತುಬಿಡುತ್ತಾರೆ. ಬೇಕಾದಾಗ ಮಾತ್ರ ಎಲ್ಲರಿಗೂ ಅದರ ನೆನಪು. ಹುಡುಗರಿಗೆ ಪೆನ್ಸಿಲ್ ಹೆರೆಯಲು ಅದು ಬೇಕು. ಹೆಂಗಸರಿಗೆ ರವಿಕೆಯ ಹೊಲಿಗೆ ಬಿಚ್ಚಲು ಅದು ಬೇಕು. ಬೀದಿಯ ತುದಿಯ ಕ್ಷೌರದಂಗಡಿಯಲ್ಲಂತೂ ಹೊಸ ಬ್ಲೇಡನ್ನೇ ನಡುವೆ ಮುರಿದು, ಅರ್ಧವನ್ನು ಮಡಿಸುವ ಕತ್ತಿಯ ಬಾಯಿಗೆ ಸಿಕ್ಕಿಸಿ, ಕೆಲಸ ಮುಗಿದೊಡನೆ ಕಿತ್ತೆಸೆಯುತ್ತಾರೆ.

ಹೀಗೆ ಕಿತ್ತೆಸೆಯುವುದೇ ಆ ವಸ್ತುವಿನ ನಿರ್ಮಾತೃವಿನ ಉದ್ದೇಶವಾಗಿತ್ತು. ಕತ್ತಿಯೆಂಬುದು ಹುಟ್ಟಿದಂದಿನಿಂದ ಮನುಷ್ಯನು ಅದನ್ನು ಮಸೆದು, ಒರಸಿ, ಒರೆಯಲ್ಲಿಟ್ಟು ಕಾಪಾಡುವುದನ್ನೇ ಕಲಿತಿದ್ದನು. ಅದನ್ನು ಬಿಸಾಡಲು ಕಲಿಸಿದವನು ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್. ಬಿಸಾಡಿದರೆ ಮನಸ್ಸಿಗೆ ನೋವಾಗದಷ್ಟು ಅಗ್ಗವಾದ, ಆದರೆ ಗಲ್ಲದ ಮೇಲೆ ನಿರ್ಭಯವಾಗಿ ಓಡಾಡಬಲ್ಲಷ್ಟು ಹರಿತವಾದ ಉಕ್ಕಿನ ಹಾಳೆಯನ್ನು ಮಾಡಬೇಕೆಂಬುದು ಅವನ ಕನಸು. ಬಲ್ಲವರು ಅದು ಆಗದ ಕೆಲಸವೆಂದರು. ಅವರ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ.

ಏಳು ದಿನಕ್ಕೆ ಏಳು ಕತ್ತಿ

ಆ ಕಾಲದ ಕ್ಷೌರದ ಕತ್ತಿ ಒಂದು ಸಣ್ಣ ಆಸ್ತಿಯೇ ಸರಿ. ಕಾದ ಉಕ್ಕನ್ನು ಬಡಿದು, ಬೆನ್ನು ದಪ್ಪವಾಗಿಯೂ ಬಾಯಿ ಕೂದಲಿನಷ್ಟು ತೆಳುವಾಗಿಯೂ ಬರುವಂತೆ ತೇಯ್ದು, ದಂತದ ಅಥವಾ ಕೊಂಬಿನ ಹಿಡಿಗೆ ಕೂಡಿಸಿ ಮಾಡುತ್ತಿದ್ದರು. ತಂದೆಯ ಕತ್ತಿ ಮಗನಿಗೆ ಬರುತ್ತಿತ್ತು. ಪ್ರತಿದಿನವೂ ಅದನ್ನು ಚರ್ಮದ ಪಟ್ಟಿಯ ಮೇಲೆ ಹಿಂದಕ್ಕೂ ಮುಂದಕ್ಕೂ ಎಳೆಯಬೇಕು; ಆಗೊಮ್ಮೆ ಈಗೊಮ್ಮೆ ಸಾಣೆಗೆ ಕೊಡಬೇಕು. ಉಕ್ಕಿಗೂ ವಿಶ್ರಾಂತಿ ಬೇಕೆಂಬ ನಂಬಿಕೆಯಿಂದ ಅನುಕೂಲಸ್ಥರು ವಾರದ ಒಂದೊಂದು ದಿನಕ್ಕೆ ಒಂದೊಂದರಂತೆ ಏಳು ಕತ್ತಿಗಳ ಪೆಟ್ಟಿಗೆಯನ್ನೇ ಇಟ್ಟುಕೊಳ್ಳುತ್ತಿದ್ದರು. ಇಷ್ಟಾದರೂ ಕೈ ಕೊಂಚ ನಡುಗಿತೋ, ಕತ್ತಿನ ಬಳಿ ರಕ್ತ ಚಿಮ್ಮುವುದು ಖಂಡಿತ. ಆದುದರಿಂದಲೇ ಬಹುಮಂದಿ ಕ್ಷೌರಿಕನ ಮುಂದೆ ಕುಳಿತು ತಲೆ ಬಾಗಿಸುವುದೇ ಕ್ಷೇಮವೆಂದು ಬಗೆದಿದ್ದರು.

ಗಾಯವಾಗದ ಕತ್ತಿಯನ್ನು ಮಾಡಬೇಕೆಂದು ಯೋಚಿಸಿದವರಲ್ಲಿ ಜಿಲೆಟ್ ಮೊದಲಿಗನೇನೂ ಅಲ್ಲ. ಹದಿನೆಂಟನೆಯ ಶತಮಾನದಲ್ಲಿಯೇ ಜ್ಯಾಂ ಜಾಕ್ ಪೆರೆ ಎಂಬ ಫ್ರಾನ್ಸಿನ ಕತ್ತಿಗಾರನು ಅಲಗಿನ ಬಾಯಿಗೆ ಮರದ ಕಾಪನ್ನು ಜೋಡಿಸಿದ್ದನು. 1847ರಲ್ಲಿ ವಿಲಿಯಂ ಹೆನ್ಸನ್ ಎಂಬ ಇಂಗ್ಲಿಷ್ ಗೃಹಸ್ಥನು ಅಲಗನ್ನು ಹಿಡಿಗೆ ಅಡ್ಡವಾಗಿ, ಗುದ್ದಲಿಯಂತೆ ಕೂರಿಸಿದನು. ಹಾರುವ ಯಂತ್ರವನ್ನು ಕಟ್ಟಲು ಹೊರಟು ಸೋತವನೂ ಈತನೇ. ಆಕಾಶದಲ್ಲಿ ದಕ್ಕದ ಯಶಸ್ಸು ಅವನಿಗೆ ಗಡ್ಡದಲ್ಲಿ ಒಂದಿಷ್ಟು ದಕ್ಕಿತೆನ್ನಬಹುದು, ಏಕೆಂದರೆ ಮುಂದಿನವರೆಲ್ಲ ಆ ಗುದ್ದಲಿಯ ಆಕಾರವನ್ನೇ ಅನುಸರಿಸಿದರು. 1880ರಲ್ಲಿ ನ್ಯೂಯಾರ್ಕಿನ ಕ್ಯಾಂಫ್ ಸೋದರರು ‘ಸ್ಟಾರ್’ ಎಂಬ ರೇಜರಿಗೆ ಪೇಟೆಂಟ್ ಪಡೆದರು. ‘ಸೇಫ್ಟಿ ರೇಜರ್’ ಎಂಬ ಹೆಸರು ಪ್ರಚಾರಕ್ಕೆ ಬಂದುದು ಅವರಿಂದ. ಆದರೆ ಸ್ಟಾರ್ ರೇಜರಿನಲ್ಲಿದ್ದುದು ಹಳೆಯ ಕತ್ತಿಯದೇ ಒಂದು ತುಂಡು. ಬೆನ್ನು ದಪ್ಪವಾದ ಆ ತುಂಡನ್ನು ಪ್ರತಿದಿನ ಹೊರಗೆ ತೆಗೆದು, ಬೇರೊಂದು ಹಿಡಿಗೆ ಸಿಕ್ಕಿಸಿ, ಪಟ್ಟಿಗೆ ಉಜ್ಜಲೇಬೇಕಾಗಿತ್ತು. ಗಾಯದ ಭಯ ಕಡಿಮೆಯಾಯಿತು, ಚಾಕರಿ ತಪ್ಪಲಿಲ್ಲ.

ಬಿರಡೆಯ ಉಪದೇಶ

ಕಿಂಗ್ ಕ್ಯಾಂಪ್ ಜಿಲೆಟ್ ಹುಟ್ಟಿದುದು 1855ರ ಜನವರಿ 5ರಂದು, ವಿಸ್ಕಾನ್ಸಿನ್ ಸಂಸ್ಥಾನದ ಫಾಂಡ್ ಡು ಲ್ಯಾಕ್ ಎಂಬ ಊರಿನಲ್ಲಿ. ಮನೆಮಂದಿಗೆಲ್ಲ ಹೊಸ ವಸ್ತುಗಳನ್ನು ಕಂಡುಹಿಡಿಯುವ ಹುಚ್ಚು. ತಾಯಿಯೂ ಸಾಮಾನ್ಯಳಲ್ಲ, 1887ರಲ್ಲಿ ಹೊರಬಂದು ಮನೆಮನೆಯ ಮಾತಾದ ‘ವೈಟ್ ಹೌಸ್ ಕುಕ್ ಬುಕ್’ ಎಂಬ ಪಾಕಶಾಸ್ತ್ರದ ಗ್ರಂಥ ಆಕೆಯದು. ಸಂಸಾರ ಷಿಕಾಗೋ ನಗರಕ್ಕೆ ಬಂದು ನೆಲೆಸಿತ್ತು. 1871ರಲ್ಲಿ ಆ ನಗರವನ್ನು ಸುಟ್ಟ ಮಹಾ ಅಗ್ನಿಯಲ್ಲಿ ಅವರ ಸರ್ವಸ್ವವೂ ಭಸ್ಮವಾಯಿತು. ಹದಿನಾರು ವರ್ಷದ ಹುಡುಗ ದುಡಿಮೆಗೆ ಇಳಿಯಬೇಕಾಯಿತು. ಅನಂತರ ಊರೂರು ತಿರುಗಿ ಸರಕು ಮಾರುವುದೇ ಅವನ ಜೀವನವಾಯಿತು. ಸಂಚಾರದ ನಡುವೆ ಒಂದೆರಡು ಪೇಟೆಂಟುಗಳನ್ನೂ ಪಡೆದನು. ಅವುಗಳಿಂದ ಕೈಗೆ ಬಂದ ಕಾಸು ಅಷ್ಟಕ್ಕಷ್ಟೆ.

1891ರಲ್ಲಿ ಅವನು ಬಾಲ್ಟಿಮೋರಿನ ಕಂಪೆನಿಯೊಂದಕ್ಕೆ ಮಾರಾಟಗಾರನಾಗಿ ಸೇರಿದನು. ಅದರ ಯಜಮಾನ ವಿಲಿಯಂ ಪೇಂಟರ್. ಸೋಡಾ ಬಾಟಲಿಯ ಬಾಯಿಗೆ ಒತ್ತಿ ಕೂರಿಸುವ, ಅಂಚು ಸೊಟ್ಟಸೊಟ್ಟಗೆ ಮಡಿಸಿದ ತಗಡಿನ ಮುಚ್ಚಳವನ್ನು ನೋಡದವರಿಲ್ಲ. ಅದನ್ನು ಸೃಷ್ಟಿಸಿದವನು ಈ ಪೇಂಟರ್. ಒಮ್ಮೆ ತೆಗೆದರೆ ಆ ಮುಚ್ಚಳದ ಆಯುಸ್ಸು ಮುಗಿಯಿತು. ಮುಂದಿನ ಬಾಟಲಿಗೆ ಹೊಸದೇ ಬೇಕು. ಪೇಂಟರ್ ತನ್ನ ಐಶ್ವರ್ಯದ ಗುಟ್ಟನ್ನು ಮಾರಾಟಗಾರನಿಗೆ ಬಚ್ಚಿಡದೆ ಹೇಳಿದನು. ಒಮ್ಮೆ ಉಪಯೋಗಿಸಿ ಎಸೆಯುವಂಥದನ್ನು ಕಂಡುಹಿಡಿ, ಕೊಂಡವನು ಮತ್ತೆ ಮತ್ತೆ ನಿನ್ನ ಬಳಿಗೇ ಬರುತ್ತಾನೆ ಎಂಬುದು ಅವನ ಉಪದೇಶ. ಆ ಮಾತು ಜಿಲೆಟ್ಟನನ್ನು ಪಿಶಾಚಿಯಂತೆ ಹಿಡಿಯಿತು. ಮನುಷ್ಯನಿಗೆ ಬೇಕಾದ ವಸ್ತುಗಳನ್ನೆಲ್ಲ ಅಕ್ಷರಮಾಲೆಯ ಕ್ರಮದಲ್ಲಿ ಪಟ್ಟಿಮಾಡಿ ತಡಕಿ ನೋಡಿದನಂತೆ.

ವಿಚಿತ್ರವೆಂದರೆ, ಅದೇ ವೇಳೆಯಲ್ಲಿ ಈ ವ್ಯಾಪಾರಿಯ ತಲೆಯಲ್ಲಿ ವ್ಯಾಪಾರವನ್ನೇ ಕೊನೆಗಾಣಿಸುವ ಯೋಚನೆಯೊಂದೂ ಬೆಳೆಯುತ್ತಿತ್ತು. 1894ರಲ್ಲಿ ‘ದಿ ಹ್ಯೂಮನ್ ಡ್ರಿಫ್ಟ್’ ಎಂಬ ಪುಸ್ತಕವನ್ನು ಅವನು ಪ್ರಕಟಿಸಿದನು. ಲೋಕದ ದುಃಖಕ್ಕೆಲ್ಲ ಪೈಪೋಟಿಯೇ ಮೂಲ. ಅದನ್ನು ಅಳಿಸಿ, ಎಲ್ಲ ಉದ್ಯಮಗಳನ್ನೂ ಜನರೇ ಪಾಲುದಾರರಾದ ಒಂದೇ ಸಂಸ್ಥೆಯಲ್ಲಿ ಲೀನಗೊಳಿಸಬೇಕು. ನಯಾಗರಾ ಜಲಪಾತದ ಶಕ್ತಿಯಿಂದ ಬೆಳಗುವ ಒಂದೇ ಮಹಾನಗರದಲ್ಲಿ ಕೋಟಿಗಟ್ಟಲೆ ಜನ ಸುಖವಾಗಿ ಬಾಳಬೇಕು. ಇದು ಅದರ ಸಾರ. ಇಂತಹ ಪುಸ್ತಕವನ್ನು ಬರೆದ ಮರುವರ್ಷವೇ ಆ ಕೈ ಲಾಭದ ದೊಡ್ಡ ಗಣಿಯೊಂದನ್ನು ಮುಟ್ಟಿತು.

1895ರ ಒಂದು ಬೆಳಗ್ಗೆ, ಬಾಸ್ಟನ್ ನಗರದ ಬಳಿಯ ಬ್ರೂಕ್‌ಲೈನಿನಲ್ಲಿ ಜಿಲೆಟ್ ಕ್ಷೌರಕ್ಕೆ ನಿಂತನು. ವಯಸ್ಸು ನಲವತ್ತು. ಕತ್ತಿ ಮೊಂಡಾಗಿತ್ತು, ಅದೂ ಪಟ್ಟಿಗೆ ಉಜ್ಜಿದರೆ ಸರಿಹೋಗುವ ಮೊಂಡಲ್ಲ. ಸಾಣೆಯವನ ಬಳಿಗೆ ಕಳುಹಿಸಲೇಬೇಕು. ಅದನ್ನು ಕೈಯಲ್ಲಿ ಹಿಡಿದು ನೋಡುತ್ತಿದ್ದಂತೆ ಅವನಿಗೆ ಹೊಳೆದುದು ಬಲು ಸರಳವಾದ ವಿಷಯ. ಕ್ಷೌರ ಮಾಡುವುದು ಕತ್ತಿಯ ಬಾಯಿ ಮಾತ್ರ. ಉಳಿದ ಉಕ್ಕೆಲ್ಲ ಆ ಬಾಯಿಯನ್ನು ಎತ್ತಿಹಿಡಿಯಲು ಇರುವ ಊರುಗೋಲು. ಊರುಗೋಲನ್ನು ಹಿಡಿಯಲ್ಲಿಟ್ಟು, ಬಾಯಿಯನ್ನಷ್ಟೇ ತೆಳುವಾದ ಉಕ್ಕಿನ ಪಟ್ಟಿಯಲ್ಲಿ ಮಾಡಿದರೆ? ಮೊಂಡಾದಾಗ ಪಟ್ಟಿಯನ್ನು ಎಸೆದು ಹೊಸದನ್ನು ಹಾಕಿಕೊಂಡರೆ?

ಅವನು ನೇರವಾಗಿ ಬಾಸ್ಟನ್ನಿನ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಹಿತ್ತಾಳೆಯ ತುಂಡುಗಳನ್ನೂ, ಗಡಿಯಾರದ ಸ್ಪ್ರಿಂಗಿಗೆ ಬಳಸುವ ಉಕ್ಕಿನ ಪಟ್ಟಿಯನ್ನೂ, ಅರಗಳನ್ನೂ ಕೊಂಡನು. ಊರಿಗೆ ಹೋಗಿದ್ದ ಹೆಂಡತಿಗೆ ತಮ್ಮ ಭಾಗ್ಯ ತೆರೆಯಿತೆಂದು ಅಂದೇ ಕಾಗದ ಬರೆದನು. ಅವನ ಲೆಕ್ಕ ನಿಚ್ಚಳವಾಗಿತ್ತು. ಉಕ್ಕಿನ ಪಟ್ಟಿ ಪೌಂಡಿಗೆ 16 ಸೆಂಟು. ಒಂದು ಪೌಂಡಿನಲ್ಲಿ 500 ಬ್ಲೇಡುಗಳು. ಕತ್ತರಿಸುವುದು, ಮಸೆಯುವುದು, ಮಾರುವುದು, ಇಷ್ಟೇ ತಾನೆ?

ಹಪ್ಪಳವಾದ ಉಕ್ಕು

ಆ ಕಾಗದಕ್ಕೂ ಮೊದಲನೆಯ ಬ್ಲೇಡು ಅಂಗಡಿಗೆ ಬರುವುದಕ್ಕೂ ನಡುವೆ ಎಂಟು ವರ್ಷಗಳು ಉರುಳಿದುವು.

ಉಕ್ಕಿನ ಸ್ವಭಾವವನ್ನು ತಿಳಿದವರಿಗೆ ತೊಡಕು ಎಲ್ಲಿದೆಯೆಂಬುದು ಕೂಡಲೇ ಕಾಣುತ್ತದೆ. ಮೆತ್ತಗಿನ ಉಕ್ಕಿನಲ್ಲಿ ಹರಿತ ನಿಲ್ಲುವುದಿಲ್ಲ. ಹರಿತ ನಿಲ್ಲಬೇಕಾದರೆ ಅದನ್ನು ಕೆಂಪಗೆ ಕಾಯಿಸಿ ಥಟ್ಟನೆ ತಣಿಸಿ ಗಡಸು ಮಾಡಬೇಕು. ಹಾಗೆ ಮಾಡಿದರೆ ಅದು ಗಾಜಿನಂತೆ ಸಿಡಿಯುವ ಗುಣವನ್ನು ಪಡೆಯುತ್ತದೆ. ಆದುದರಿಂದ ಮತ್ತೆ ಮೆಲ್ಲನೆ ಕಾಯಿಸಿ ಹದಕ್ಕೆ ತರಬೇಕು. ದಪ್ಪ ಕತ್ತಿಗೆ ಈ ವಿದ್ಯೆ ಹಳೆಯದು, ಯಾವ ಕಮ್ಮಾರನಿಗಾದರೂ ಬಲ್ಲದು. ಆದರೆ ಕಾಗದದಷ್ಟು ತೆಳುವಾದ ಉಕ್ಕನ್ನು ಕಾಯಿಸಿ ತಣಿಸಿದರೆ ಅದು ಎಣ್ಣೆಗೆ ಬಿದ್ದ ಹಪ್ಪಳದಂತೆ ಸೊಟ್ಟಗೆ ಸುರುಟಿಕೊಳ್ಳುತ್ತದೆ. ಸುರುಟಿದ ಹಾಳೆಗೆ ನೇರವಾದ ಅಂಚನ್ನು ಕೊಡುವುದು ಹೇಗೆ? ಕೊಟ್ಟರೂ, ಕೈಯಲ್ಲಿ ಮಸೆಯಿಸಿದರೆ ಎಸೆಯುವಷ್ಟು ಅಗ್ಗವಾಗುವುದು ಹೇಗೆ?

ಜಿಲೆಟ್ ಕತ್ತಿಗಾರರ ಬಾಗಿಲು ತಟ್ಟಿದನು, ಮೆಸಾಚುಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಪಂಡಿತರ ಬಾಗಿಲನ್ನೂ ತಟ್ಟಿದನು. ಎಲ್ಲರದೂ ಒಂದೇ ಉತ್ತರ: ಹಣ ಹಾಳುಮಾಡಿಕೊಳ್ಳಬೇಡ. ಗೆಳೆಯರಿಗೆ ಅವನ ರೇಜರು ತಮಾಷೆಯ ವಿಷಯವಾಯಿತು. ಸೋಡಾ ಮುಚ್ಚಳಗಳನ್ನು ಮಾರುವ ಉದ್ಯೋಗದಲ್ಲಿ ಬಂದ ಸಂಬಳ ಮಾದರಿಗಳಿಗೆ ಕರಗುತ್ತಿತ್ತು. ತಾನು ಶಾಸ್ತ್ರ ಓದಿದವನಾಗಿದ್ದರೆ ಎಂದೋ ಕೈಬಿಡುತ್ತಿದ್ದೆನೆಂದು ಅವನೇ ಮುಂದೆ ಒಪ್ಪಿಕೊಂಡನು. ಅಜ್ಞಾನವೂ ಒಮ್ಮೊಮ್ಮೆ ಬಂಡವಾಳವಾಗುತ್ತದೆ. ಆದರೆ ಅದರಿಂದ ಉಕ್ಕು ಹದವಾಗಲಿಲ್ಲ.

ಹದಮಾಡಿದವನು ಬೇರೊಬ್ಬ. ವಿಲಿಯಂ ಎಮರಿ ನಿಕರ್ಸನ್ ಎಂಬ ಆ ಎಂಜಿನಿಯರು, ಆಗದೆಂದು ತೀರ್ಪು ಕೊಟ್ಟ ಅದೇ ಇನ್‌ಸ್ಟಿಟ್ಯೂಟಿನಲ್ಲಿ ಓದಿದವನು. ಯಂತ್ರಗಳನ್ನು ರಚಿಸುವುದರಲ್ಲಿ ನಿಪುಣನಾಗಿದ್ದರೂ ಹಣ ಅವನ ಕೈಹಿಡಿದಿರಲಿಲ್ಲ. ಜಿಲೆಟ್ಟನ ಗೆಳೆಯರು ಮೊದಲು ಕೇಳಿದಾಗ ಅವನಿಗೂ ನಂಬಿಕೆ ಹುಟ್ಟಲಿಲ್ಲ. 1901ರಲ್ಲಿ ಮತ್ತೆ ಒತ್ತಾಯಿಸಿದಾಗ ಯೋಚಿಸಲು ಕಾಲಾವಕಾಶ ಬೇಡಿದನು. ಯೋಚಿಸಿ, ಆಗಬಹುದೆಂದನು. ಅದೇ ಸೆಪ್ಟೆಂಬರಿನಲ್ಲಿ ಕಂಪೆನಿ ಸ್ಥಾಪಿತವಾಯಿತು. ಷೇರುಗಳನ್ನು ಗೆಳೆಯರಿಗೂ ಪರಿಚಿತರಿಗೂ ಅಂಟಿಸಿ 5,000 ಡಾಲರುಗಳನ್ನು ಕೂಡಿಹಾಕಿದರು. ಬಾಸ್ಟನ್ ಬಂದರಿನ ಬಳಿ ಮೀನಿನ ಅಂಗಡಿಯ ಮೇಲಣ ಕೋಣೆಯಲ್ಲಿ ಕೆಲಸ ಆರಂಭವಾಯಿತು.

ನಿಕರ್ಸನ್ ಬ್ಲೇಡುಗಳನ್ನು ಒಂದೊಂದಾಗಿ ಕಾಯಿಸುವುದನ್ನು ಬಿಟ್ಟು, ಅವುಗಳನ್ನು ಒತ್ತೊತ್ತಾಗಿ ಜೋಡಿಸಿ, ಫಲಕಗಳ ನಡುವೆ ಬಿಗಿದು ಹದಮಾಡಿದನು. ಸುರುಟಿಕೊಳ್ಳಲು ಎಡೆಯೇ ಇಲ್ಲದ ಉಕ್ಕು ನೆಟ್ಟಗೆ ಉಳಿಯಿತು. ಅನಂತರ ಅಂಚನ್ನು ತೇಯ್ದು ಮಸೆಯುವ ಯಂತ್ರಗಳನ್ನು ರಚಿಸಿದನು. ಕತ್ತಿಗಾರನ ಬೆರಳಿನಲ್ಲಿದ್ದ ಕಲೆ ಯಂತ್ರಕ್ಕೆ ಇಳಿಯಿತು. ಬ್ಲೇಡಿನ ಅಗ್ಗದ ಬೆಲೆಗೆ ಕಾರಣ ಆ ಯಂತ್ರಗಳೇ ಹೊರತು 16 ಸೆಂಟಿನ ಉಕ್ಕಲ್ಲ.

ಹೆಸರು ಮಾತ್ರ ಜಿಲೆಟ್ಟನಿಗೆ ಹೋಯಿತು. 1902ರಲ್ಲಿ ಕಂಪೆನಿಗೆ ಅವನ ಹೆಸರನ್ನೇ ಇಟ್ಟರು. ನಿಕರ್ಸನ್ನನ ಹೆಸರನ್ನು ಏಕೆ ಇಡಲಿಲ್ಲವೆಂಬುದಕ್ಕೆ ಒಂದು ಹಾಸ್ಯದ ಕಥೆಯುಂಟು. ಇಂಗ್ಲಿಷಿನಲ್ಲಿ ‘ನಿಕ್’ ಎಂದರೆ ಕತ್ತಿಯ ಕಚ್ಚು, ಕ್ಷೌರದಲ್ಲಾಗುವ ಸಣ್ಣ ಗಾಯ. ಅಂತಹ ಹೆಸರಿನ ರೇಜರನ್ನು ಯಾರು ಗಲ್ಲಕ್ಕೆ ತಗುಲಿಸಿಕೊಂಡಾರು!

ಬಾಗಿದ್ದರಲ್ಲಿ ಬಲ

1901ರ ಡಿಸೆಂಬರ್ 3ರಂದು ಸಲ್ಲಿಸಿದ ಅರ್ಜಿಗೆ 1904ರ ನವೆಂಬರ್ 15ರಂದು ಪೇಟೆಂಟ್ ದೊರೆಯಿತು; ಸಂಖ್ಯೆ 775134. ಆ ವಿನ್ಯಾಸವನ್ನು ಕೊಂಚ ಗಮನವಿಟ್ಟು ನೋಡತಕ್ಕದ್ದು, ಏಕೆಂದರೆ ಅದರ ಜಾಣತನ ಮೇಲುನೋಟಕ್ಕೆ ಕಾಣುವಂಥದಲ್ಲ.

ರೇಜರಿಗೆ ಮೂರೇ ಭಾಗಗಳು: ಮೇಲೆ ಟೊಪ್ಪಿಗೆ, ಕೆಳಗೆ ಬಾಚಣಿಗೆಯಂತೆ ಹಲ್ಲುಗಳಿರುವ ತಟ್ಟೆ, ತಿರುಪಿ ಬಿಗಿಯುವ ಹಿಡಿ. ನಡುವೆ ಬ್ಲೇಡು; ಎರಡು ಕಡೆಯೂ ಬಾಯಿ, ಮೈಯಲ್ಲಿ ಸಾಲಾಗಿ ಮೂರು ದುಂಡು ತೂತುಗಳು. ನಡುವಣ ತೂತಿನಲ್ಲಿ ತಿರುಪು ಹಾಯುತ್ತದೆ. ಅಕ್ಕಪಕ್ಕದವುಗಳಲ್ಲಿ ಟೊಪ್ಪಿಗೆಯ ಗೂಟಗಳು ಕೂತು ಬ್ಲೇಡು ಅತ್ತಿತ್ತ ಜರುಗದಂತೆ ತಡೆಯುತ್ತವೆ. ಬ್ಲೇಡಿನ ದಪ್ಪ ಅಂಗುಲದ ಸಾವಿರದಲ್ಲಿ ಆರು ಪಾಲು. ಇಷ್ಟು ತೆಳುವಾದುದನ್ನು ಬರಿಗೈಯಲ್ಲಿ ಹಿಡಿದು ಗಡ್ಡಕ್ಕೆ ಒತ್ತಿದರೆ ಬಳುಕಿ ನಡುಗುತ್ತದೆ, ಕೂದಲು ಕತ್ತರಿಸುವುದಿಲ್ಲ.

ಬಳುಕುವ ಈ ದೋಷವನ್ನೇ ಜಿಲೆಟ್ ಗುಣವಾಗಿ ಮಾಡಿದನು. ಟೊಪ್ಪಿಗೆಯ ಒಳಮೈ ಚಪ್ಪಟೆಯಾಗಿಲ್ಲ, ಕಮಾನಿನಂತೆ ಬಾಗಿದೆ. ಹಿಡಿಯನ್ನು ತಿರುಪಿ ಬಿಗಿದಂತೆಲ್ಲ ಚಪ್ಪಟೆ ಬ್ಲೇಡು ಆ ಕಮಾನಿಗೆ ಒತ್ತಿಕೊಂಡು ತಾನೂ ಬಾಗುತ್ತದೆ. ಕಾಗದದ ಹಾಳೆಯೊಂದನ್ನು ತುದಿಯಲ್ಲಿ ಹಿಡಿದರೆ ಅದು ಜೋತುಬೀಳುತ್ತದೆ. ಅದನ್ನೇ ಉದ್ದಕ್ಕೂ ಬಳುಕಿಸಿ, ಮಾಡಿನ ನೀರು ಹರಿಯುವ ದೋಣಿಯಂತೆ ಹಿಡಿದರೆ ನೆಟ್ಟಗೆ ನಿಲ್ಲುತ್ತದೆ. ಬ್ಲೇಡಿಗೂ ಇದೇ ನ್ಯಾಯ. ಹಳೆಯ ಕತ್ತಿಯಲ್ಲಿ ದಪ್ಪ ಬೆನ್ನಿನಿಂದ ಬರುತ್ತಿದ್ದ ಬಿಗುವು ಇಲ್ಲಿ ಬಾಗಿನಿಂದ ಬಂದಿತು. ಹೊರಗಿನ ಆಸರೆಯಿಲ್ಲದೆ ನಿಲ್ಲಲಾರದಷ್ಟು ತೆಳುವಾದ ಅಲಗು ಎಂಬುದನ್ನೇ ಪೇಟೆಂಟಿನಲ್ಲಿ ಹಕ್ಕಾಗಿ ಕೇಳಿದ್ದನು. ದೌರ್ಬಲ್ಯಕ್ಕೆ ಹಕ್ಕುಪತ್ರ ಪಡೆದವರು ಲೋಕದಲ್ಲಿ ವಿರಳ.

ಇದೇ ಬಾಗಿನಲ್ಲಿ ಇನ್ನೊಂದು ಸೌಕರ್ಯವೂ ಅಡಗಿತ್ತು. ಹಿಡಿಯನ್ನು ತುಸು ಸಡಿಲಿಸಿದರೆ ಬ್ಲೇಡು ಸ್ವಲ್ಪ ನೆಟ್ಟಗಾಗಿ, ಅದರ ಬಾಯಿಗೂ ಕೆಳಗಿನ ಹಲ್ಲುಗಳಿಗೂ ನಡುವಣ ಸಂದು ಹೆಚ್ಚುತ್ತದೆ. ಬಿಗಿದರೆ ಸಂದು ಕಿರಿದಾಗುತ್ತದೆ. ಒರಟು ಗಡ್ಡದವನಿಗೂ ಎಳೆಯ ಚರ್ಮದವನಿಗೂ ಒಂದೇ ರೇಜರು ಸಾಕು.

ಐವತ್ತೊಂದು ರೇಜರು

ವಸ್ತು ಸಿದ್ಧವಾಯಿತೆಂದರೆ ಹಣ ಬಂದಿತೆಂದಲ್ಲ. 1902ರ ಹೊತ್ತಿಗೆ ಕಂಪೆನಿ ಸಾಲದಲ್ಲಿ ಮುಳುಗಿ ಬಾಗಿಲು ಮುಚ್ಚುವ ಸ್ಥಿತಿಗೆ ಬಂದಿತ್ತು. ಜಾನ್ ಜಾಯ್ಸ್ ಎಂಬ ಬಾಸ್ಟನ್ನಿನ ಹಣವಂತನು ಹಣ ಹೂಡಿ ಅದನ್ನು ಎತ್ತಿಹಿಡಿದನು. ಹಾಗೆ ಎತ್ತುವವರು ಪಡೆಯುವ ಅಧಿಕಾರವನ್ನೂ ಪಡೆದನು. 1903ರ ಅಕ್ಟೋಬರಿನಲ್ಲಿ ಮೊದಲ ಜಾಹೀರಾತು ಹೊರಬಂದಿತು. ಆ ವರ್ಷವೆಲ್ಲ ಮಾರಾಟವಾದುದು 51 ರೇಜರುಗಳು, 168 ಬ್ಲೇಡುಗಳು. ಮರುವರ್ಷ ಮಾರಾಟವಾದ ರೇಜರುಗಳ ಸಂಖ್ಯೆ ತೊಂಬತ್ತು ಸಾವಿರವನ್ನು ದಾಟಿತು.

ಈ ಸಂಭ್ರಮದ ಹೊತ್ತಿನಲ್ಲಿ ಜಿಲೆಟ್ ಎಲ್ಲಿದ್ದನು? ಲಂಡನ್ನಿನಲ್ಲಿ, ಸೋಡಾ ಮುಚ್ಚಳಗಳನ್ನು ಮಾರುತ್ತ! ರೇಜರಿನಿಂದ ಇನ್ನೂ ಸಂಬಳ ಹುಟ್ಟದಿದ್ದುದರಿಂದ ಹಳೆಯ ಉದ್ಯೋಗವನ್ನು ಬಿಡುವ ಧೈರ್ಯ ಅವನಿಗಿರಲಿಲ್ಲ. ರೇಜರಿನ ವಿದೇಶೀ ಹಕ್ಕುಗಳನ್ನು ಪರರಿಗೆ ಒಪ್ಪಿಸುವ ಹವಣಿಕೆ ನಡೆದಿದೆಯೆಂಬ ಸುದ್ದಿ ತಿಳಿದು 1904ರಲ್ಲಿ ಹಡಗು ಹತ್ತಿ ಧಾವಿಸಿ ಬಂದನು, ಅದನ್ನು ತಡೆದನು, ಮುಚ್ಚಳದ ಕಂಪೆನಿಗೆ ರಾಜೀನಾಮೆ ಕೊಟ್ಟನು.

ರೇಜರನ್ನು ಬಿಟ್ಟಿಯಾಗಿ ಹಂಚಿ, ಬ್ಲೇಡುಗಳ ಮಾರಾಟದಿಂದ ಜಿಲೆಟ್ ಕೋಟ್ಯಧೀಶನಾದನೆಂಬುದು ವ್ಯಾಪಾರದ ಪಾಠ ಹೇಳುವವರೆಲ್ಲರ ಬಾಯಲ್ಲಿರುವ ಕಥೆ. ಕಥೆ ಚೆನ್ನಾಗಿದೆ, ನಡೆದದ್ದು ಹಾಗಲ್ಲ. ಅವನ ರೇಜರಿನ ಬೆಲೆ 5 ಡಾಲರು, ಆಗಿನ ಅಮೆರಿಕದ ಸಾಮಾನ್ಯ ಕೆಲಸಗಾರನ ಸುಮಾರು ಅರ್ಧ ವಾರದ ಕೂಲಿ. ಇತರರ ರೇಜರುಗಳು ಒಂದು ಡಾಲರಿಗೇ ದೊರೆಯುತ್ತಿದ್ದಾಗಲೂ ಅವನು ಬೆಲೆ ಇಳಿಸಲಿಲ್ಲ. ಪೇಟೆಂಟಿನ ಬಲ ಇರುವವರೆಗೂ ಅದು ಸಿರಿವಂತಿಕೆಯ ಗುರುತಾಗಿಯೇ ಇದ್ದಿತು. 1921ರಲ್ಲಿ ಅವಧಿ ಮುಗಿದು, ಯಾರು ಬೇಕಾದರೂ ಅಂತಹ ರೇಜರನ್ನು ಮಾಡಬಹುದೆಂದಾದಾಗಲೇ ಹಳೆಯ ಮಾದರಿ ಒಂದು ಡಾಲರಿಗೆ ಇಳಿದುದು. ಚೂಯಿಂಗ್ ಗಮ್ ಮಾರುವವರೂ ಬ್ಯಾಂಕುಗಳೂ ಅವನ್ನು ಸಗಟಾಗಿ ಕೊಂಡು ಗಿರಾಕಿಗಳಿಗೆ ಕೊಡತೊಡಗಿದುದು ಅನಂತರದ ಮಾತು. ಪೈಪೋಟಿಯೇ ಪಾಪದ ಮೂಲವೆಂದು ಬರೆದವನ ಸರಕನ್ನು ಬಡವನ ಕೈಗೆ ಎಟುಕಿಸಿದುದು ಪೈಪೋಟಿಯೇ.

ಸ್ವಕ್ಷೌರವನ್ನು ಅಭ್ಯಾಸವಾಗಿ ಮಾಡಿದುದು ಜಾಹೀರಾತಿಗಿಂತ ಹೆಚ್ಚಾಗಿ ಯುದ್ಧ. 1917ರಲ್ಲಿ ಅಮೆರಿಕ ಮೊದಲನೆಯ ಮಹಾಯುದ್ಧಕ್ಕೆ ಇಳಿಯಿತು. ವಿಷವಾಯುವಿನ ಮುಸುಕು ಮುಖಕ್ಕೆ ಬಿಗಿಯಾಗಿ ಅಂಟಬೇಕಾದರೆ ಗಡ್ಡ ಇರಕೂಡದು. ಕಂದಕದ ಕೆಸರಿನಲ್ಲಿ ಕತ್ತಿಯನ್ನು ಪಟ್ಟಿಗೆ ಉಜ್ಜುತ್ತ ಕೂರುವಂತೆಯೂ ಇರಲಿಲ್ಲ. ಸೈನ್ಯಕ್ಕಾಗಿ ಸರ್ಕಾರ ಕೊಂಡುದು 35 ಲಕ್ಷ ರೇಜರುಗಳು, 3 ಕೋಟಿ 20 ಲಕ್ಷ ಬ್ಲೇಡುಗಳು. ಯುದ್ಧ ಮುಗಿದು ಊರಿಗೆ ಮರಳಿದ ಯುವಕರಿಗೆ ಕ್ಷೌರಿಕನ ಮುಂದೆ ಕೂರುವ ತಾಳ್ಮೆ ಉಳಿದಿರಲಿಲ್ಲ; ಬ್ಲೇಡು ಕೊಳ್ಳುವ ಅಭ್ಯಾಸ ಮಾತ್ರ ಉಳಿದಿತ್ತು.

ದಪ್ಪ ಮೀಸೆಯ ಜಿಲೆಟ್ಟನ ಮುಖ ಪ್ರತಿಯೊಂದು ಬ್ಲೇಡಿನ ಹೊದಿಕೆಯ ಮೇಲೂ ಅಚ್ಚಾಗಿ ದೇಶದೇಶಗಳಿಗೆ ಹೋಯಿತು. ಇಷ್ಟಾದರೂ ಒಂದೇ ಮಹಾನಗರದ ಹುಚ್ಚು ಅವನನ್ನು ಬಿಡಲಿಲ್ಲ. 1910ರಲ್ಲಿ ‘ವರ್ಲ್ಡ್ ಕಾರ್ಪೊರೇಷನ್’ ಎಂಬ ಸಂಸ್ಥೆಯನ್ನು ಕಲ್ಪಿಸಿ, ಅದರ ಅಧ್ಯಕ್ಷನಾದರೆ ಹತ್ತು ಲಕ್ಷ ಡಾಲರುಗಳನ್ನು ಕೊಡುವೆನೆಂದು ಥಿಯೊಡೋರ್ ರೂಸ್‌ವೆಲ್ಟನನ್ನು ಕೇಳಿಕೊಂಡನು. ಮಾಜಿ ರಾಷ್ಟ್ರಾಧ್ಯಕ್ಷನು ಒಪ್ಪಲಿಲ್ಲ.

ಕೊನೆಯ ಪೆಟ್ಟು ಬಂದುದು ಬ್ಲೇಡಿನ ತೂತುಗಳಿಂದಲೇ. ಹೆನ್ರಿ ಗೈಸ್‌ಮನ್ ಎಂಬ ಪ್ರತಿಸ್ಪರ್ಧಿ, ದುಂಡು ತೂತುಗಳ ಬದಲಿಗೆ ನಡುವೆ ಉದ್ದನೆಯ ಸೀಳು ಇರುವ ಬ್ಲೇಡನ್ನು ರೂಪಿಸಿದ್ದನು. ಅದು ಜಿಲೆಟ್ ರೇಜರಿಗೂ ಹೊಂದುತ್ತಿತ್ತು. ವ್ಯಾಜ್ಯ ಹುಟ್ಟಿತು. ಸಂಧಾನಕ್ಕಾಗಿ ಲೆಕ್ಕಪತ್ರಗಳನ್ನು ತೆರೆದಾಗ ಜಿಲೆಟ್ ಕಂಪೆನಿ ಹಲವು ವರ್ಷಗಳಿಂದ ಲಾಭವನ್ನು ಇದ್ದುದಕ್ಕಿಂತ ಹೆಚ್ಚಾಗಿ ತೋರಿಸುತ್ತಿದ್ದ ಸಂಗತಿ ಬಯಲಾಯಿತು. 1930ರಲ್ಲಿ ಎರಡು ಕಂಪೆನಿಗಳೂ ಒಂದಾದುವು, ಅಧಿಕಾರ ಗೈಸ್‌ಮನ್ನನ ಕೈಗೆ ಹೋಯಿತು. ಮರುವರ್ಷ ಜಿಲೆಟ್ ಅಧ್ಯಕ್ಷಪದವನ್ನು ಬಿಟ್ಟನು. 1929ರ ಷೇರು ಕುಸಿತ ಅವನ ಐಶ್ವರ್ಯವನ್ನು ಆಗಲೇ ಕರಗಿಸಿತ್ತು. 1932ರ ಜುಲೈ 9ರಂದು ಕ್ಯಾಲಿಫೋರ್ನಿಯದಲ್ಲಿ ಅವನು ತೀರಿಕೊಂಡನು. ನಿಕರ್ಸನ್ ಅದಕ್ಕೆ ಎರಡು ವರ್ಷ ಮೊದಲೇ ಕಣ್ಮುಚ್ಚಿದ್ದನು.

ಇಂದು ಮೂಲೆಯ ಅಂಗಡಿಯಲ್ಲಿ ದೊರೆಯುವ ಎರಡು ಬಾಯಿಯ ಬ್ಲೇಡಿನ ನಡುವೆ ಇರುವುದು ಮೂರು ದುಂಡು ತೂತುಗಳಲ್ಲ, ಸೀಳು. ಆದರೆ ಆ ಸೀಳನ್ನು ಹಳೆಯ ಗೂಟಗಳಿಗೂ ತಿರುಪಿಗೂ ಎಡೆಯಿರುವಂತೆಯೇ ಕೊರೆದಿರುವುದರಿಂದ, 1904ರಲ್ಲಿ ಬಾಸ್ಟನ್ನಿನಲ್ಲಿ ಮಾಡಿದ ರೇಜರೊಂದು ಯಾರದಾದರೂ ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕಿದರೆ, ಈ ಬೆಳಗ್ಗೆ ಕೊಂಡ ಬ್ಲೇಡನ್ನು ಅದಕ್ಕೆ ಹಾಕಿ, ಹಿಡಿಯನ್ನು ತಿರುಪಿ, ಮುಖಕ್ಕೆ ಸೋಪು ಹಚ್ಚಿಕೊಳ್ಳಬಹುದು.